ರೈಲಿಲ್ಲದ ಊರಿಂದ ರೈಲಿಲ್ಲದ ಸ್ಟೇಷನ್ನಿಗೆ

ನಮ್ಮ ಜಿಲ್ಲೆಗೆ ರೈಲಿಲ್ಲ. ಹೊರಗಿನವರಿಗೆ ಹೇಳಿದರೆ "ಇಡೀ ಜಿಲ್ಲೆಗಾ?" ಅಂತ ಇನ್ನೊಮ್ಮೆ ಕೇಳುತ್ತಾರೆ. ಹೌದು, ಇಡೀ ಕೊಡಗಿಗೆ. ಒಂದು ಕಂಬಿ ಇಲ್ಲ, ಒಂದು ಗೇಟಿಲ್ಲ, ಗೇಟು ಹಾಕಿದ್ದರಿಂದ ಲೇಟಾಯ್ತು ಅನ್ನುವ ನೆಪವೂ ಇಲ್ಲ. ರೈಲು ಹಿಡಿಯಬೇಕಾದರೆ ಸಂಪಾಜೆ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು. ಇಲ್ಲಾ ಮಾಕುಟ್ಟದ ಕಾಡು ದಾಟಿ ಕಣ್ಣೂರು, ತಲಶ್ಶೇರಿ ಕಡೆಗೆ. ಅದೂ ಬೇಡ ಅಂದ್ರೆ ಮೈಸೂರು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಮೈಸೂರಿಂದ ಕುಶಾಲನಗರಕ್ಕೆ 87 ಕಿಲೋಮೀಟರ್ ಹಳಿ ಹಾಕುವ ಮಾತು ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ. ಬರಲಿ ಅನ್ನುವವರಿದ್ದಾರೆ. ಕಾಡು ಹೋಗುತ್ತೆ, ಆನೆ ಎಲ್ಲಿಗೆ ಹೋಗಬೇಕು ಅನ್ನುವವರೂ ಇದ್ದಾರೆ. ನಮ್ಮ ಮನೆಯಲ್ಲೇ ಎರಡೂ ಪಾರ್ಟಿ ಇದೆ. ಆ ಜಗಳ ಇಲ್ಲಿ ಬೇಡ.

ಒಂದು ರೈಲಿತ್ತು, ಸುಳ್ಳು ಹೇಳಬಾರದು. ರಾಜಾಸೀಟಿನಲ್ಲಿ ಮಕ್ಕಳ ಪುಟಾಣಿ ರೈಲು. ಹತ್ತಿದ ಜಾಗದಲ್ಲೇ ತಂದು ಇಳಿಸುತ್ತಿತ್ತು.

ನಾನು ನಿಜವಾದ ರೈಲು ಹತ್ತಿದ್ದು 1986ರಲ್ಲಿ, ಮೈಸೂರಲ್ಲಿ. ಆಗ ಎಂಟನೇ ಕ್ಲಾಸು. ಚಿಕ್ಕಪ್ಪನ ಜೊತೆ ಬೆಂಗಳೂರಿಗೆ ಹೊರಟಿದ್ದೆ. ಆಗಿನ್ನೂ ಮೀಟರ್ ಗೇಜ್, ಉಗಿ ಎಂಜಿನ್. ಕಿಟಕಿಯಿಂದ ತಲೆ ಹೊರಗೆ ಹಾಕಬೇಡ ಅಂದರೂ ಹಾಕಿದೆ. ಶ್ರೀರಂಗಪಟ್ಟಣ ಬರುವ ಮೊದಲೇ ಕಣ್ಣಿಗೆ ಕಲ್ಲಿದ್ದಲ ಚೂರು ಬಿತ್ತು, ಮಂಡ್ಯದವರೆಗೆ ಕಣ್ಣುಜ್ಜಿಕೊಂಡೇ ಹೋದೆ. ಆದರೆ ರೈಲಿಗಿಂತ ಜಾಸ್ತಿ ನೆನಪಿರುವುದು ಸ್ಟೇಷನ್. ಅಷ್ಟು ಎತ್ತರದ ಸೂರಿನ ಕೆಳಗೆ ಅಷ್ಟೊಂದು ಜನ ಸುಮ್ನೆ ಕೂತಿದ್ದರು. ನಮ್ಮೂರಲ್ಲಿ ಬಸ್ಸಿಗೆ ಕಾಯುವವರು ರಸ್ತೆ ಬದಿಯಲ್ಲಿ ಕೊಡೆ ಹಿಡಿದು ನಿಂತಿರುತ್ತಾರೆ. ಕಾಯುವುದಕ್ಕೇ ಅಂತ ಅರಮನೆಯಂಥದ್ದೊಂದು ಕಟ್ಟುತ್ತಾರೆ ಅನ್ನುವುದು ನನಗೆ ಹೊಸದಾಗಿತ್ತು.

ಹೋದ ವರ್ಷ ಮಳೆ ಮುಗಿದು ಕಾಫಿ ಕುಯ್ಲು ಶುರುವಾಗುವ ಮೊದಲು ಸಿಗುವ ಸಣ್ಣ ಬಿಡುವಿನಲ್ಲಿ ತಮ್ಮನ ಮನೆಗೆ ಹೋಗಿದ್ದೆ. ಅವನಿರುವುದು ಪ್ಯಾರಿಸ್ಸಿನಲ್ಲಿ. "ಅಕ್ಕಾ, ನಿನಗೊಂದು ಸ್ಟೇಷನ್ ತೋರಿಸ್ತೀನಿ, ಅಲ್ಲಿ ರೈಲಿಲ್ಲ" ಅಂದ. "ರೈಲಿಲ್ಲದ್ದು ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ಅದು ನಮ್ಮಲ್ಲೇ ಬೇಕಾದಷ್ಟಿದೆ" ಅಂದೆ.

ಆ ದಿನ ಹನಿ ಬೀಳುತ್ತಿತ್ತು. ಅಲ್ಲಿನವರು ಮಳೆ ಅಂತ ಕೊಡೆ ಬಿಚ್ಚಿದರು. ನಮ್ಮಲ್ಲಿ ಅಷ್ಟಕ್ಕೆ ಒಣಹಾಕಿದ ಬಟ್ಟೆಯನ್ನೂ ತೆಗೆಯುವುದಿಲ್ಲ. ಸೇನ್ ನದಿಯ ಪಕ್ಕ ಉದ್ದಕ್ಕೆ ಕಲ್ಲಿನ ಕಟ್ಟಡ. ಎರಡು ಕಡೆ ಎರಡು ದೊಡ್ಡ ಗಡಿಯಾರ. ಮೇಲೆ ಮೂರು ಕಲ್ಲಿನ ಹೆಂಗಸರು ಕೂತಿದ್ದಾರೆ. ದೇವತೆಗಳಾ ಅಂತ ಕೇಳಿದೆ. ಅಲ್ಲವಂತೆ, ಊರುಗಳಂತೆ. ಬೋರ್ಡೋ, ತುಲೂಸ್, ನಾಂತ್. ಇಲ್ಲಿಂದ ಹೊರಡುತ್ತಿದ್ದ ರೈಲುಗಳು ಆ ಕಡೆಗೆ ಹೋಗುತ್ತಿದ್ದವು. ಬಸ್ಸಿನ ಬೋರ್ಡನ್ನೇ ಕಲ್ಲಿನಲ್ಲಿ ಕೆತ್ತಿ ತಲೆಯ ಮೇಲೆ ಕೂರಿಸಿದ ಹಾಗೆ.

ಇದು ಓರ್ಸೆ ಸ್ಟೇಷನ್. ಈಗ ಓರ್ಸೆ ಮ್ಯೂಸಿಯಂ.

ಈ ಜಾಗದಲ್ಲಿ ಮೊದಲು ಸರ್ಕಾರಿ ಕಚೇರಿಗಳಿದ್ದ ಒಂದು ಅರಮನೆ ಇತ್ತು. 1871ರ ಪ್ಯಾರಿಸ್ ಕಮ್ಯೂನ್ ದಂಗೆಯಲ್ಲಿ ಅದು ಸುಟ್ಟುಹೋಯಿತು. ಸುಮಾರು 30 ವರ್ಷ ಪಾಳು ಗೋಡೆಗಳು ಹಾಗೇ ನಿಂತಿದ್ದವು, ಊರ ನಟ್ಟನಡುವೆ. 1900ಕ್ಕೆ ದೊಡ್ಡ ವಿಶ್ವ ಪ್ರದರ್ಶನ ಬರುವುದಿತ್ತು. ಪ್ಯಾರಿಸ್-ಓರ್ಲಿಯನ್ಸ್ ರೈಲ್ವೆ ಕಂಪನಿಗೆ ತನ್ನ ರೈಲು ಊರೊಳಗೇ ಬಂದು ನಿಲ್ಲಬೇಕು ಅನ್ನುವ ಆಸೆ. ಅವರ ಹಳೆಯ ಸ್ಟೇಷನ್ ದೂರ ಇತ್ತು. ಪಾಳು ಜಾಗ ಸಿಕ್ಕಿತು. ವಿಕ್ತರ್ ಲಾಲೂ ಅನ್ನುವ ವಾಸ್ತುಶಿಲ್ಪಿಗೆ ಕೆಲಸ ಕೊಟ್ಟರು. ಎರಡೇ ವರ್ಷದಲ್ಲಿ ಕಟ್ಟಿ ಮುಗಿಸಿದರು.

ನದಿಯಾಚೆ ಲೂವ್ರ್ ಅರಮನೆ. ಅದರ ಎದುರು ಕಬ್ಬಿಣದ ಶೆಡ್ ಕಟ್ಟಿದರೆ ಊರವರು ಬಿಡುತ್ತಾರಾ? ಅದಕ್ಕೇ ಲಾಲೂ ಹೊರಗೆಲ್ಲ ಕಲ್ಲು ಕಟ್ಟಿ ಒಳಗಿನ ಕಬ್ಬಿಣವನ್ನು ಮುಚ್ಚಿಬಿಟ್ಟ. ಕಬ್ಬಿಣ ಏನು ಕಮ್ಮಿ ಇಲ್ಲ, 12,000 ಟನ್. ಐಫೆಲ್ ಗೋಪುರಕ್ಕಿಂತ ಜಾಸ್ತಿ. ಒಳಗಿನ ಹಾಲ್ 138 ಮೀಟರ್ ಉದ್ದ, 40 ಮೀಟರ್ ಅಗಲ, 32 ಮೀಟರ್ ಎತ್ತರ. ಪಕ್ಕಕ್ಕೆ ಅಂಟಿಕೊಂಡು 370 ಕೋಣೆಯ ಹೋಟೆಲ್. ಉದ್ಘಾಟನೆಯ ಹೊತ್ತಿಗೆ ನೋಡಿದ ಎದುವಾರ್ ದೆತಾಯ್ ಅನ್ನುವ ಚಿತ್ರಕಾರ ತಮಾಷೆ ಮಾಡಿದ್ದನಂತೆ: ಈ ಸ್ಟೇಷನ್ ಕಲಾಭವನದ ಹಾಗಿದೆ, ನಮ್ಮ ಕಲಾಭವನ ಸ್ಟೇಷನ್ನಿನ ಹಾಗಿದೆ, ಇನ್ನೂ ಟೈಮಿದ್ದರೆ ಎರಡನ್ನೂ ಅದಲುಬದಲು ಮಾಡಿ ಅಂತ. 86 ವರ್ಷ ಆದಮೇಲೆ ಅದೇ ಆಯಿತು ನೋಡಿ.

ಗಾಜಿನ ಸೂರಿನಿಂದ ಬೆಳಕು ಸುರಿಯುತ್ತಿತ್ತು. ಮಸಿ ಇಲ್ಲ, ಕಪ್ಪು ಇಲ್ಲ. ಇಷ್ಟು ವರ್ಷ ರೈಲು ಓಡಿದ ಸ್ಟೇಷನ್ ಹೇಗೆ ಇಷ್ಟು ಬೆಳ್ಳಗಿದೆ ಅಂತ ನನಗೆ ನನ್ನ ಕಣ್ಣಿಗೆ ಬಿದ್ದ ಚೂರು ನೆನಪಾಯಿತು. ಇಲ್ಲಿ ಹೊಗೆಯೇ ಇರಲಿಲ್ಲವಂತೆ. ಮೊದಲಿಂದಲೂ ಕರೆಂಟಿನ ರೈಲು. 1900ರಲ್ಲೇ! ಹಾಗಾಗಿ ಅಷ್ಟು ಶೋಕಿ ಮಾಡಿ, ಸೂರಿಗೆಲ್ಲ ಹೂವಿನ ಕೆತ್ತನೆ ಅಂಟಿಸಲು ಆಗಿದ್ದು. ಮೇಲಿನ ಮಹಡಿಯಲ್ಲಿ ಕ್ಲೋದ್ ಮೊನೆ 1877ರಲ್ಲಿ ಬರೆದ ಇನ್ನೊಂದು ಸ್ಟೇಷನ್ನಿನ ಚಿತ್ರವಿದೆ, ಸೇಂಟ್ ಲಜಾರ್. ಅದರ ತುಂಬ ಹೊಗೆ. ನೀಲಿ ಹೊಗೆ, ಬೂದಿ ಬಣ್ಣದ ಹೊಗೆ, ಹೊಗೆಯ ಹಿಂದೆ ಕರಗಿಹೋಗುತ್ತಿರುವ ಮನೆಗಳು. ಹೊಗೆ ಕಾಣದ ಸ್ಟೇಷನ್ನಿಗೆ ಹೊಗೆ ಬಂದಿದ್ದು ಚಿತ್ರದಲ್ಲಿ. ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ. ವ್ಯಾನ್ ಗೋನ ಚಿತ್ರಗಳ ಮುಂದೆ ಎಲ್ಲರೂ ಫೋನ್ ಎತ್ತಿ ನಿಂತಿದ್ದರಿಂದ ಇಲ್ಲಿ ಜಾಗವೂ ಇತ್ತು.

ಐದನೇ ಮಹಡಿಯಲ್ಲಿ ಆ ದೊಡ್ಡ ಗಡಿಯಾರದ ಬೆನ್ನ ಹಿಂದೆ ಹೋಗಿ ನಿಲ್ಲಬಹುದು. ಗಾಜಿನ ಗಡಿಯಾರ, ಆಳಿಗಿಂತ ಎಷ್ಟೋ ಎತ್ತರ. ಅಂಕಿಗಳೆಲ್ಲ ಉಲ್ಟಾ. ಮುಳ್ಳು ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಅಂಕಿಗಳ ಸಂದಿನಿಂದ ನದಿ, ಆಚೆ ದಡ, ದೂರದ ಗುಡ್ಡದ ಮೇಲೆ ಬಿಳಿ ಚರ್ಚು. ಹೊರಗಿನವರಿಗೆ ಟೈಮ್ ತೋರಿಸಲು ಮಾಡಿದ ವಸ್ತು, ಒಳಗಿನವರಿಗೆ ಕಿಟಕಿ. ಒಂದು ಮಗು ಮುಳ್ಳಿನ ನೆರಳನ್ನು ಕಾಲಿನಿಂದ ತುಳಿಯಲು ನೋಡುತ್ತಿತ್ತು. ಅದು ಕಾಲು ಎತ್ತಿ ಇಡುವಷ್ಟರಲ್ಲಿ ಮೋಡ ಬಂದು ನೆರಳೇ ಹೋಯಿತು.

ಇಷ್ಟೆಲ್ಲ ಮಾಡಿ ಕಟ್ಟಿದ ಸ್ಟೇಷನ್ ಓಡಿದ್ದು ಎಷ್ಟು ವರ್ಷ ಅಂತೀರಿ? 39. ಅಷ್ಟೇ. ಕಾರಣ ಕೇಳಿದರೆ ನಗು ಬರುತ್ತದೆ. ರೈಲು ಉದ್ದವಾಯಿತು, ಪ್ಲಾಟ್‌ಫಾರಂ ಗಿಡ್ಡವಾಯಿತು. ವಿದ್ಯುತ್ ಮಾರ್ಗ ಬೆಳೆದ ಹಾಗೆ ಗಾಡಿಗಳೂ ಉದ್ದ ಆದವು. ಬೆಳೆದ ಮಕ್ಕಳಿಗೆ ಹಳೆಯ ಅಂಗಿ ಬಿಗಿಯಾದ ಹಾಗೆ. 1939ರಿಂದ ದೂರದ ರೈಲುಗಳು ಇಲ್ಲಿಗೆ ಬರುವುದು ನಿಂತಿತು. ಆಸುಪಾಸಿನ ಊರಿನ ರೈಲು ಮಾತ್ರ ಉಳಿಯಿತು.

ಮ್ಯೂಸಿಯಂ ಆಗಿದ್ದು 1986ರಲ್ಲಿ. ಡಿಸೆಂಬರ್ 1ಕ್ಕೆ ಅಧ್ಯಕ್ಷ ಮಿತ್ತೆರಾಂ ಉದ್ಘಾಟನೆ ಮಾಡಿದರು. ನನ್ನ ಕಣ್ಣಿಗೆ ಕಲ್ಲಿದ್ದಲು ಬಿದ್ದ ವರ್ಷವೇ. ಹೆಚ್ಚಿನವರು ಕಥೆ ಹೇಳುವುದು ಹೀಗೇ, 1900, 1939, ಆಮೇಲೆ ಒಂದೇ ನೆಗೆತಕ್ಕೆ 1986. ನನಗೆ ಕೊರೆಯಲು ಶುರುವಾಗಿದ್ದು ನಡುವಿನ 47 ವರ್ಷ. ಖಾಲಿ ಬಿದ್ದ ಅಷ್ಟು ದೊಡ್ಡ ಕಟ್ಟಡ, ಊರಿನ ನಡುವೆ, ನದಿಯ ದಡದಲ್ಲಿ, ಬಂಗಾರದ ಬೆಲೆಯ ಜಾಗದಲ್ಲಿ. ಯಾರೂ ಕೆಡವಲಿಲ್ಲ ಯಾಕೆ?

ತಮ್ಮನಿಗೆ ಇದರಲ್ಲೆಲ್ಲ ಆಸಕ್ತಿ. ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಯುದ್ಧದ ಕಾಲದಲ್ಲಿ ಅದು ಅಂಚೆ ಕೇಂದ್ರವಾಗಿತ್ತು. ಸೆರೆ ಸಿಕ್ಕ ಫ್ರೆಂಚ್ ಸೈನಿಕರಿಗೆ ಮನೆಯವರು ಕಳಿಸುವ ಪಾರ್ಸೆಲ್ಲುಗಳು ಇಲ್ಲಿಂದ ಹೋಗುತ್ತಿದ್ದವು. ಯುದ್ಧ ಮುಗಿದ ಮೇಲೆ ಅದೇ ಕೈದಿಗಳು ಬಿಡುಗಡೆಯಾಗಿ ಬಂದಾಗ ಅವರನ್ನು ಬರಮಾಡಿಕೊಂಡಿದ್ದೂ ಇಲ್ಲೇ. ಪಾರ್ಸೆಲ್ ಹೋದ ಬಾಗಿಲಿನಿಂದ ಮನುಷ್ಯರು ವಾಪಸ್ ಬಂದರು. ಆಮೇಲೆ ಸಿನಿಮಾದವರು ಬಂದು ಶೂಟಿಂಗ್ ಮಾಡಿದರು. ಒಂದು ನಾಟಕ ತಂಡ ಒಳಗೇ ಬಿಡಾರ ಹೂಡಿತು. ಊರಿನ ಹರಾಜು ಮನೆಯನ್ನು ಹೊಸದಾಗಿ ಕಟ್ಟುತ್ತಿದ್ದಾಗ ಹರಾಜು ಹಾಕುವವರು ಇಲ್ಲಿಗೆ ಬಂದು ಕೂಗಿದರು. ಹೋಟೆಲ್ ಮಾತ್ರ 1973ರ ಜನವರಿ 1ರವರೆಗೆ ನಡೆಯಿತು. 1958ರಲ್ಲಿ ಡಿ ಗಾಲ್ ಅಧಿಕಾರಕ್ಕೆ ವಾಪಸ್ ಬರಲು ಸಿದ್ಧ ಅಂತ ಪತ್ರಿಕೆಯವರಿಗೆ ಹೇಳಿದ್ದು ಅದರ ಹಾಲಿನಲ್ಲಿ.

ಕೆಡವುವ ಲೆಕ್ಕಾಚಾರವೂ ಇತ್ತು. ಕೆಡವಿ ಅಲ್ಲೊಂದು ಹೊಸ ಹೋಟೆಲ್ ಕಟ್ಟುವುದು ಅಂತ. ಆದರೆ ಅಷ್ಟರಲ್ಲಿ ಪ್ಯಾರಿಸ್ಸಿನವರು ತಮ್ಮ ಹಳೆಯ ಮಾರುಕಟ್ಟೆ ಲೆ ಆಲ್‌ನ ಕಬ್ಬಿಣದ ಮಂಟಪಗಳನ್ನು ಕೆಡವಿಸಿ, ಆಮೇಲೆ ಅಯ್ಯೋ ಅನ್ನುತ್ತಿದ್ದರು. ಆ ಹೊಟ್ಟೆಯುರಿಯೇ ಸ್ಟೇಷನ್ನನ್ನು ಉಳಿಸಿತು. 1978ರಲ್ಲಿ ಅದು ರಕ್ಷಿತ ಸ್ಮಾರಕ ಆಯಿತು. ಒಳಗಿನ ಕೆಲಸವನ್ನು ಇಟಲಿಯ ಗಾಯೆ ಔಲೆಂಟಿ ಅನ್ನುವ ಹೆಂಗಸು ಮಾಡಿದರು. ಹಳಿ ಇದ್ದ ಕಡೆ ಈಗ ಉದ್ದಕ್ಕೆ ನಡೆಯುವ ದಾರಿ, ಎರಡೂ ಬದಿ ಶಿಲ್ಪಗಳು. ಅಮೃತಶಿಲೆಯ ಜನ ರೈಲಿಗೆ ಕಾಯುತ್ತಿರುವ ಹಾಗೆ ನಿಂತಿದ್ದಾರೆ. ಹೇಗೂ ಬರುವುದಿಲ್ಲ ಅಂತ ಗೊತ್ತಾಗಿ ಕೆಲವರು ಮಲಗಿದ್ದಾರೆ.

ಆದರೆ ರೈಲು ಬರುತ್ತದೆ! ನಾವು ಬಂದಿದ್ದೇ ಅದರಲ್ಲಿ. ಮ್ಯೂಸಿಯಂ ಪಕ್ಕದಲ್ಲೇ, ನೆಲದ ಕೆಳಗೆ, ಇವತ್ತಿಗೂ ಸ್ಟೇಷನ್ ಇದೆ, ಊರ ರೈಲು ಓಡಾಡುತ್ತದೆ. "ರೈಲಿಲ್ಲ ಅಂದ್ಯಲ್ಲೋ" ಅಂದರೆ, "ನೀನು ಇಳಿದಿದ್ದು ಯಾವುದರಿಂದ ಅಂತ ನೋಡ್ಲೇ ಇಲ್ವಲ್ಲ" ಅಂತ ನಕ್ಕ.

ವಾಪಸ್ ಬಂದು ಒಂದು ತಿಂಗಳಿಗೆ ಏನೋ ಕೆಲಸಕ್ಕೆ ಮಡಿಕೇರಿಗೆ ಹೋದೆ. ಬಸ್ಸಿಗೆ ಟೈಮಿತ್ತು. ಕೋಟೆಯೊಳಗೆ ಹೋಗಿ ಕೂತೆ. ಎಷ್ಟು ಸಲ ಹೋದ ಜಾಗ, ಆದರೆ ಆ ದಿನ ಕಣ್ಣು ಬೇರೆ ಥರ ನೋಡುತ್ತಿತ್ತು. ಕೋಟೆಯೊಳಗಿನ ಮ್ಯೂಸಿಯಂ ಅಸಲಿಗೆ ಚರ್ಚು. ಚೂಪು ಕಮಾನಿನ ಕಿಟಕಿ ನೋಡಿದರೆ ಗೊತ್ತಾಗುತ್ತದೆ. ಬ್ರಿಟಿಷರು 1834ರಲ್ಲಿ ಕೊಡಗು ಹಿಡಿದ ಮೇಲೆ, ಮುಂದಿನ ದಶಕಗಳಲ್ಲಿ ಕಟ್ಟಿಸಿದ್ದು. ಅದಕ್ಕಾಗಿ ಅಲ್ಲಿದ್ದ ವೀರಭದ್ರನ ಗುಡಿಯನ್ನು ತೆಗೆಸಿದರು. ಈಗ ಆ ಚರ್ಚಿನೊಳಗೆ ಎಲ್ಲೆಲ್ಲಿಂದಲೋ ತಂದ ವೀರಗಲ್ಲುಗಳು, ದೇವರ ಮೂರ್ತಿಗಳು. ಗುಡಿ ಹೋಗಿ ಚರ್ಚು ಬಂತು, ಚರ್ಚು ನಿಂತು ಮ್ಯೂಸಿಯಂ ಆಯಿತು, ಮ್ಯೂಸಿಯಂ ಒಳಗೆ ಮತ್ತೆ ದೇವರುಗಳು ಬಂದು ಕೂತರು. ಇದಕ್ಕೆ ಪ್ಯಾರಿಸ್ಸಿಗೆ ಹೋಗಬೇಕಾಗಿರಲಿಲ್ಲ.

ಪಕ್ಕದ ಅರಮನೆಯದ್ದೂ ಅದೇ ಕಥೆ. ಲಿಂಗರಾಜನ ಕಾಲದ ಅರಮನೆ, ಆಮೇಲೆ ಬ್ರಿಟಿಷ್ ಕಮಿಷನರ್, ಆಮೇಲೆ ನಮ್ಮ ಸರ್ಕಾರಿ ಕಚೇರಿ. 1933ರಲ್ಲಿ ಬ್ರಿಟಿಷರು ಅದಕ್ಕೊಂದು ಗಡಿಯಾರದ ಗೋಪುರವನ್ನೂ, ಸಾಹೇಬರ ಕಾರು ನಿಲ್ಲಿಸಲು ಒಂದು ಪೋರ್ಟಿಕೋವನ್ನೂ ಸೇರಿಸಿದರು. ರಾಜನ ಅರಮನೆಗೆ ಕಾರ್ ಶೆಡ್ಡು! ಅಂಗಳದಲ್ಲಿ ಗಾರೆಯ ಎರಡು ಆನೆ ಮಾತ್ರ ಎಲ್ಲವನ್ನೂ ನೋಡಿಕೊಂಡು ಹಾಗೇ ನಿಂತಿವೆ.

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಸನ್ನಿಸೈಡ್. ಜನರಲ್ ತಿಮ್ಮಯ್ಯನವರ ಮನೆ. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ಈಗ ಅಂಗಳದಲ್ಲಿ ಯುದ್ಧದ ಟ್ಯಾಂಕ್ ಇದೆ, ಟೂರಿಸ್ಟರು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ನನ್ನ ವಯಸ್ಸಿನ ಮಡಿಕೇರಿ ಕಡೆಯವರನ್ನು ಕೇಳಿ. ನಮಗೆ ಅದು ಆರ್‌ಟಿಓ ಆಫೀಸು. ನಾನು ಲೈಸೆನ್ಸಿಗೆ ಅರ್ಜಿ ಹಿಡಿದು ಕಾದಿದ್ದು ಅಲ್ಲೇ. ಜಗುಲಿಯ ಕಂಬಕ್ಕೆ ಒರಗಿ, ಮಳೆ ನೋಡುತ್ತಾ, ಎಲ್ಲಿ ಎಂಟು ಹಾಕಿಸಿ ಫೇಲ್ ಮಾಡುತ್ತಾರೋ ಅಂತ ಹೆದರಿಕೊಂಡು ನಿಂತಿದ್ದೆ. ಅದು ದೇಶದ ಸೇನೆಯ ಮುಖ್ಯಸ್ಥರಾಗಿದ್ದವರು ಆಡಿ ಬೆಳೆದ ಮನೆ ಅನ್ನುವುದು ಆಗ ತಲೆಗೇ ಹೋಗಿರಲಿಲ್ಲ. ಇಂಥ ಮನೆಯಲ್ಲಿ ಲೈಸೆನ್ಸ್ ಕೊಡುತ್ತಿದ್ದರಾ ಅಂತ ಈಗಿನವರಿಗೆ ಬೇಜಾರಾಗಬಹುದು. ನನಗೆ ಹಾಗನ್ನಿಸುವುದಿಲ್ಲ. ಕೊಡಗಿನ ಮಳೆಗೆ ಬಾಗಿಲು ಹಾಕಿದ ಮನೆ ಎಷ್ಟು ವರ್ಷ ನಿಲ್ಲುತ್ತದೆ? ಐದು ಮಳೆಗಾಲಕ್ಕೆ ಹೆಂಚು ಜಾರುತ್ತದೆ, ಹತ್ತಕ್ಕೆ ಗೋಡೆಯಲ್ಲಿ ಆಲದ ಗಿಡ. ಕ್ಯೂ ನಿಲ್ಲುವ ಜನ ಇದ್ದರು ಅಂತಲೇ ಹೆಂಚು ಜಾರಿದಾಗ ಯಾರಾದರೂ ನೋಡಿದರು. ಓರ್ಸೆಯನ್ನು ಕಾದದ್ದು ಪಾರ್ಸೆಲ್ಲು ಮತ್ತು ಹರಾಜು. ಸನ್ನಿಸೈಡನ್ನು ಕಾದದ್ದು ಡ್ರೈವಿಂಗ್ ಲೈಸೆನ್ಸು. ಫಲಕದ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ, ಅಷ್ಟೇ.

ಇಷ್ಟೆಲ್ಲ ಯಾಕೆ ತಲೆಗೆ ಹತ್ತಿತು ಅಂದ್ರೆ, ನಮ್ಮ ತೋಟದಲ್ಲೂ ಇಂಥದ್ದೊಂದು ಇದೆ. ಪಲ್ಪರ್ ಮನೆ. ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ತಾತನ ಕಾಲದಲ್ಲಿ ಕುಯ್ದ ಹಣ್ಣನ್ನು ಅಲ್ಲೇ ಪಲ್ಪ್ ಮಾಡುತ್ತಿದ್ದರು. ಮೇಲಿಂದ ಹಣ್ಣು ಸುರಿದರೆ ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ. ಲೋಳೆ ಬಿಡಲು ತೊಟ್ಟಿಯಲ್ಲಿ ರಾತ್ರಿಯಿಡೀ ನೆನೆಸಿ, ತೊಳೆದು, ಕಣದಲ್ಲಿ ಒಣಗಿಸುವುದು. ಆ ಹುಳಿ ವಾಸನೆ ಒಂದು ಸಲ ಮೂಗಿಗೆ ಹತ್ತಿದರೆ ಫೆಬ್ರವರಿವರೆಗೆ ಹೋಗುವುದಿಲ್ಲ. ಆಮೇಲೆ ನೀರು ಕಮ್ಮಿಯಾಯಿತು, ಕೆಲಸಕ್ಕೆ ಜನ ಕಮ್ಮಿಯಾದರು. ಅಪ್ಪ ಹಣ್ಣನ್ನು ಹಾಗೇ ಒಣಗಿಸಿ ಚೆರಿ ಮಾಡಿ ಮಾರಲು ಶುರು ಮಾಡಿದರು. ಪಲ್ಪರ್ ನಿಂತಿತು.

ಮನೆ ನಿಲ್ಲಲಿಲ್ಲ. ಕೋಳಿ ಬಂದವು. ಕರಿಮೆಣಸಿನ ಚೀಲ ಬಂದವು. ಅತ್ತೆಯ ಮದುವೆಗೆ ಅಲ್ಲೇ ಒಲೆ ಹೂಡಿ ಅಡುಗೆ ಆಯಿತು. ಮಳೆಗಾಲದಲ್ಲಿ ನಾವು ಮಕ್ಕಳು ಒಣ ತೊಟ್ಟಿಯೊಳಗೆ ಇಳಿದು ಕ್ರಿಕೆಟ್ ಆಡಿದೆವು. ಗೋಡೆಗೆ ತಗಲಿದರೆ ಎರಡು ರನ್. ಮುರಿದ ಕುರ್ಚಿ, ಜೇನು ಪೆಟ್ಟಿಗೆ, ಹಳೇ ಸ್ಕೂಟರ್, ಎಲ್ಲ ಅಲ್ಲಿಗೇ.

2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ಹಟ್ಟಿಹೊಳೆ ಕಡೆಯ ನಮ್ಮ ನೆಂಟರು, ಅವರ ಅಕ್ಕಪಕ್ಕದವರು, ಒಟ್ಟು 14 ಜನ ಬಂದರು. ಮನೆಯಲ್ಲಿ ಜಾಗ ಸಾಲಲಿಲ್ಲ. ಪಲ್ಪರ್ ಮನೆ ಗುಡಿಸಿ, ಚೀಲಗಳನ್ನು ಒಂದು ಮೂಲೆಗೆ ತಳ್ಳಿ, ತಾಡಪಾಲು ಹಾಸಿದೆವು. 11 ದಿನ ಇದ್ದರು. ಕರೆಂಟಿರಲಿಲ್ಲ. ಜೀಪಿನ ಬ್ಯಾಟರಿಯಿಂದ ಫೋನ್ ಚಾರ್ಜ್ ಮಾಡುವುದು. ಯಾರ ಫೋನು ಎಷ್ಟು ಹೊತ್ತಿಗೆ ಅಂತ ಜಗಳ ಬರಬಾರದಲ್ವಾ, ಒಬ್ಬರು ಇದ್ದಿಲಿನಲ್ಲಿ ಗೋಡೆ ಮೇಲೆ ಪಟ್ಟಿ ಬರೆದರು. ಒಬ್ಬ ಅಜ್ಜಿ ಮಾತ್ರ ಮಾತೇ ಆಡಲಿಲ್ಲ. ಬೆಳಗಾದರೆ ತುಕ್ಕು ಹಿಡಿದ ಪಲ್ಪರಿನ ಚಕ್ರವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ಯಾರೂ ಬೇಡ ಅನ್ನಲಿಲ್ಲ. ಹೊರಡುವ ದಿನ ಅದು ತಿರುಗುವಂತಾಗಿತ್ತು.

ಪ್ಯಾರಿಸ್ಸಿನಲ್ಲಿ ಕೈದಿಗಳು ವಾಪಸ್ ಬಂದ ಕಥೆಯನ್ನು ತಮ್ಮ ಹೇಳುವಾಗ ನನ್ನ ಕಣ್ಣ ಮುಂದೆ ಇದ್ದಿದ್ದು ಆ ಅಜ್ಜಿ.

ಈಗ ಅವನಿಗೆ ಪಲ್ಪರ್ ಮನೆಯನ್ನು ಹೋಮ್‌ಸ್ಟೇ ಮಾಡಬೇಕಂತೆ. "ಓರ್ಸೆ ನೋಡಿದ್ಯಲ್ಲಾ ಅಕ್ಕಾ, ಹಾಗೆ" ಅನ್ನುತ್ತಾನೆ. ಅಳತೆ ಕಳಿಸು ಅಂದ. ಟೇಪ್ ಹಿಡಿದುಕೊಂಡು ಹೋದೆ. 34 ಅಡಿ ಉದ್ದ, 18 ಅಡಿ ಅಗಲ. 138 ಮೀಟರಿನ ಮುಂದೆ ನಗೆಪಾಟಲು. ಟಾರ್ಚ್ ಬಿಟ್ಟು ಗೋಡೆ ನೋಡಿದೆ. ಮೇಲ್ಗಡೆ ತಾತನ ಪೆನ್ಸಿಲ್ ಗೆರೆಗಳು, ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಎಷ್ಟು ಬುಟ್ಟಿ ಬಂತು ಅಂತ ಲೆಕ್ಕ. ಅದರ ಕೆಳಗೆ ನಮ್ಮ ಎತ್ತರ ಅಳೆದ ಗುರುತು. ನನ್ನದು ತಮ್ಮನಿಗಿಂತ ಮೇಲಿದೆ, ಒಂದು ವರ್ಷ ಮಾತ್ರ. ಅದರ ಪಕ್ಕ ಇದ್ದಿಲಿನ ಪಟ್ಟಿ, ಅರ್ಧ ಅಳಿಸಿದೆ. "6ರಿಂದ 7 ಅಜ್ಜಿ" ಅಂತ ಒಂದು ಸಾಲು. ಅಜ್ಜಿ ಹತ್ತಿರ ಫೋನಿರಲಿಲ್ಲ. ಸುಮ್ನೆ ಅವರ ಹೆಸರಿಗೂ ಒಂದು ಗಂಟೆ ಬರೆದಿಟ್ಟಿದ್ದರು.

ಎಲ್ಲದರ ಫೋಟೋ ತೆಗೆದು ಕಳಿಸಿದೆ. ರಾತ್ರಿ ಅವನು ಕಂಪ್ಯೂಟರಿನಲ್ಲಿ ಬರೆದ ಪ್ಲಾನ್ ಬಂತು. ಚೆನ್ನಾಗಿಯೇ ಇತ್ತು. ತೊಟ್ಟಿ ಇದ್ದಲ್ಲಿ ಬಾತ್‌ರೂಮು, ಪಲ್ಪರಿಗೆ ಬಣ್ಣ ಹೊಡೆದು ಬಾಗಿಲಲ್ಲಿ ಶೋಗೆ, ಗೋಡೆಗೆಲ್ಲ ಬಿಳಿ. ಗೋಡೆಗೆ ಸುಣ್ಣ ಬೇಡ, ಉಳಿದದ್ದು ಬಂದಾಗ ಮಾತಾಡೋಣ ಅಂತ ಬರೆದೆ. ಸರಿ ಅಂದ. ಒಂದು ನಿಮಿಷ ಬಿಟ್ಟು ಇನ್ನೊಂದು ಮೆಸೇಜು: "ಆ ಹಾಳು ಸ್ಕೂಟರ್ ಯಾಕೆ ಇನ್ನೂ ಅಲ್ಲಿದೆ? ಯಾರದ್ದು ಅದು?"

ನಿನ್ನದೇ ಕಣೋ, ಅಂದೆ. ಎರಡು ತಿಂಗಳಲ್ಲಿ ಬಂದು ರಿಪೇರಿ ಮಾಡಿಸ್ತೀನಿ ಅಂತ ಇಟ್ಟುಹೋಗಿದ್ದೆ.